ಕೆಂಪು ರಕ್ತಕಣದ ದಾಸೋಹ

ಸಕಲ ಜೀವಿಗಳ ದೇಹವೂ ಜೀವಕೋಶಗಳಿಂದ ರಚಿತವಾದುದು. ಕೋಶದ ಹೊರಪೊರೆಯು ದ್ವಾರಪಾಲಕನಂತೆ ಬೇಕಾದುದನ್ನು ಒಳಬಿಟ್ಟು ಬೇಡವಾದುದನ್ನು ತಡೆಯುತ್ತದೆ. ಕೋಶಕೇಂದ್ರವು ಕಾರ್ಯವಿಧಿಯನ್ನು ಕಾಪಿಡುತ್ತದೆ. ಮೈಟೊಕಾಂಡ್ರಿಯಗಳು ಆಮ್ಲಜನಕದ ನೆರವಿನಿಂದ ಆಹಾರದೊಳಗಿನ ಶಕ್ತಿಯನ್ನು ಹೊರತೆಗೆಯುತ್ತವೆ. ಆದರೆ ನಮ್ಮ ಕೆಂಪು ರಕ್ತಕಣವು ಬಲಿಯುವಾಗ ಕೋಶಕೇಂದ್ರವನ್ನೂ ಮೈಟೊಕಾಂಡ್ರಿಯಗಳನ್ನೂ ತ್ಯಜಿಸಿ ಹಿಮೋಗ್ಲೋಬಿನ್ನಿಗೆ ಎಡೆಮಾಡಿಕೊಡುತ್ತದೆ. ತಾನು ಹೊರುವ ಆಮ್ಲಜನಕವನ್ನು ತನ್ನ ಶಕ್ತಿಗೆ ಬಳಸದೆ, ಸುಮಾರು 120 ದಿನ ಇತರ ಕೋಶಗಳಿಗೆ ಉಣಬಡಿಸುವ ಈ ಕಾಯಕವನ್ನು ದಾಸೋಹವೆನ್ನದೆ ಮತ್ತೇನೆನ್ನಬೇಕು?

ಹಿಮೋಗ್ಲೋಬಿನ್ ರಚನೆಗೆ ಕಬ್ಬಿಣಾಂಶ ಅವಶ್ಯ. ಅದು ಕುಂದಿದರೆ ಮಕ್ಕಳು ಬಿಳಿಚಿಕೊಂಡು ಬಳಲುತ್ತಾರೆ. ಪಾಠದಲ್ಲಿ ಮನಸ್ಸು ನಿಲ್ಲದು. ಅಂಥವರನ್ನು ಸೋಮಾರಿಗಳೆಂದು ಗದರುವ ಮುನ್ನ ವೈದ್ಯರಿಗೆ ತೋರಿಸುವುದು ಲೇಸು. ಪ್ರಸಾದನಿಲಯದ ತಟ್ಟೆಯಲ್ಲಿ ಸೊಪ್ಪು, ಕಾಳು, ನೆಲ್ಲಿಕಾಯಿಗಳಿದ್ದರೆ ಅಕ್ಷರದಾಸೋಹಕ್ಕೆ ಅನ್ನದಾಸೋಹವು ಊರೆಗೋಲಾಗುತ್ತದೆ.