ಬಿಡಾರಕ್ಕೊಂದು ಕಾಲ, ಸುದ್ದಿಗೊಂದು ಊರು

ಬಯಲಿನಲ್ಲಿ ರಾತ್ರಿ ಕಳೆಯುವುದಕ್ಕೆ ತುಳುನಾಡಿನಲ್ಲಿ ಹಿಂದಿನಿಂದಲೂ ಒಂದು ಗಡುವು ಇದೆ. ಮಳೆ ಹಿಂದೆ ಸರಿದು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಡುವ ಯಕ್ಷಗಾನ ಮೇಳಗಳು, ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಅಂದರೆ ಮೇ 24 ಅಥವಾ 25ರ ಸುಮಾರಿಗೆ, ಗೆಜ್ಜೆ ಬಿಚ್ಚುತ್ತವೆ. ದೈವಾರಾಧನೆಯ ಕೋಲ, ನೇಮಗಳೂ ಸಾಮಾನ್ಯವಾಗಿ ಅಂದಿಗೇ ನಿಲ್ಲುತ್ತವೆ. ವರ್ಷಕ್ಕೆ ಸರಾಸರಿ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಬೆನ್ನಿಗೆ ಪಶ್ಚಿಮ ಘಟ್ಟವನ್ನು ಇಟ್ಟುಕೊಂಡಿರುವ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹೊರಗೆ ಮಲಗಬಹುದಾದ ತಿಂಗಳುಗಳು ಯಾವುವು, ಮಲಗಬಾರದ ತಿಂಗಳುಗಳು ಯಾವುವು ಎಂಬ ತಿಳಿವಳಿಕೆಯನ್ನು ಪತ್ತನಾಜೆ ಎಂಬ ಒಂದೇ ಮಾತು ತಲೆಮಾರುಗಳಿಂದ ಹೊತ್ತುಕೊಂಡು ಬಂದಿದೆ. ಇಂದು ‘ಕ್ಯಾಂಪಿಂಗ್’ ಎಂಬ ಹೆಸರಿನಲ್ಲಿ ನಗರಗಳ ಯುವಜನರನ್ನು ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಗಳ ಕಡೆಗೆ ಸೆಳೆಯುತ್ತಿರುವ ಹವ್ಯಾಸವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಅದರ ಸೊಗಸೂ ಕೊರತೆಯೂ ಒಟ್ಟಿಗೇ ಕಾಣುತ್ತವೆ.

ಈ ಭಾಗದ ಹಿರಿಯರಿಗೆ ‘ಟೆಂಟು’ ಎಂದರೆ ಮೊದಲು ನೆನಪಾಗುವುದು ಗುಡ್ಡದ ತುದಿಯ ಬಣ್ಣದ ಗೂಡಲ್ಲ, ಟಿಕೇಟು ಪಡೆದು ಒಳಹೋಗಬೇಕಾಗಿದ್ದ ಯಕ್ಷಗಾನದ ಡೇರೆ. ಡೇರೆಯಿಲ್ಲದ ಬಯಲಾಟದ ಮೇಳಕ್ಕೂ ಬಿಡಾರ ತಪ್ಪಿದ್ದಲ್ಲ, ಏಕೆಂದರೆ ರಾತ್ರಿ ಆಟ ಮುಗಿಸಿ, ಹಗಲು ನಿದ್ದೆ ಮಾಡಿ, ಸಂಜೆಯ ಹೊತ್ತಿಗೆ ಮುಂದಿನ ಊರನ್ನು ತಲುಪುವ ಈ ಬದುಕು ಆರೇಳು ತಿಂಗಳು ಎಡೆಬಿಡದೆ ಸಾಗುತ್ತದೆ. ರಂಗಸ್ಥಳದಿಂದ ತುಸು ದೂರದಲ್ಲಿ ಸಿದ್ಧವಾಗುವ ಚೌಕಿ, ಅಂದರೆ ವೇಷ ಕಟ್ಟುವ ಜಾಗ, ಈ ಬಿಡಾರದ ನಡುಮನೆ. ಅಲ್ಲಿ ದೇವರ ಪೆಟ್ಟಿಗೆಯ ಮುಂದೆ ದೀಪ ಹಚ್ಚಿದ ಮೇಲೆ ಯಾವ ವೇಷಧಾರಿ ಎಲ್ಲಿ ಕೂರಬೇಕೆಂಬ ಕ್ರಮದಂತೆ ಕಲಾವಿದರು ಸಾಲಾಗಿ ಚಾಪೆ ಹಾಸಿ, ತಮ್ಮ ತಮ್ಮ ಕನ್ನಡಿಯ ಮುಂದೆ ಬಣ್ಣ ಹಚ್ಚಿಕೊಳ್ಳುತ್ತಾರೆ. ಬೆಳಗಾಗುವಷ್ಟರಲ್ಲಿ ಆಭರಣಗಳು ಪೆಟ್ಟಿಗೆ ಸೇರಿ, ಪೆಟ್ಟಿಗೆಗಳು ವಾಹನವೇರಿ, ಗದ್ದೆ ಮತ್ತೆ ಗದ್ದೆಯಾಗುತ್ತದೆ. ಬಂದ ಗುರುತು ಉಳಿಯದಂತೆ ಎದ್ದುಹೋಗಬೇಕೆಂದು ಇಂದಿನ ಚಾರಣ ಕೈಪಿಡಿಗಳು ಹೊಸದಾಗಿ ಬೋಧಿಸುವ ಶಿಸ್ತು ಈ ಬಿಡಾರಗಳಲ್ಲಿ ನಿತ್ಯದ ರೂಢಿಯಾಗಿತ್ತು.

ಶಿವರಾತ್ರಿಯ ದಿನಗಳಲ್ಲಿ ಧರ್ಮಸ್ಥಳಕ್ಕೆ ನಡೆದು ಬರುವ ಯಾತ್ರಿಕರದೂ ಇದೇ ಬಗೆಯ ತಿಳಿವಳಿಕೆ. ಬೆಂಗಳೂರಿನಿಂದಲೂ ಬಯಲುಸೀಮೆಯ ಇತರ ಊರುಗಳಿಂದಲೂ ಹೊರಟು, ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಗುಂಪುಗುಂಪಾಗಿ ಇಳಿದು ಉಜಿರೆಯ ಮೂಲಕ ಸಾಗುವ ಸಾವಿರಾರು ಜನರು ರಾತ್ರಿ ತಂಗುವುದು ದಾರಿಯ ಶಾಲೆಗಳ ಜಗಲಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ, ತೋಟದವರು ಬಿಟ್ಟುಕೊಟ್ಟ ಜಾಗದಲ್ಲಿ. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ ಕೊಡುವವರಿರುತ್ತಾರೆ. ಊರಿನವರ ಒಪ್ಪಿಗೆಯಿಲ್ಲದೆ ಈ ಯಾತ್ರೆಯ ಒಂದು ರಾತ್ರಿಯೂ ಕಳೆಯದು, ಮತ್ತು ಅದು ನಡೆಯುವುದು ಘಟ್ಟದ ಹಾದಿ ಒಣಗಿರುವ ಫೆಬ್ರವರಿ, ಮಾರ್ಚ್ ತಿಂಗಳಿನಲ್ಲಿ ಮಾತ್ರ.

ಆಧುನಿಕ ಅರ್ಥದ ಶಿಬಿರವನ್ನು ಮೂಡುಬಿದಿರೆ ದೊಡ್ಡ ಪ್ರಮಾಣದಲ್ಲಿ ಕಂಡದ್ದು 2022ರ ಡಿಸೆಂಬರ್ 21ರಿಂದ 27ರವರೆಗೆ, ವಿದ್ಯಾಗಿರಿಯ ಆಳ್ವಾಸ್ ಆವರಣದಲ್ಲಿ ನಡೆದ ಸ್ಕೌಟ್ಸ್ ಮತ್ತು ಗೈಡ್ಸ್ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯಲ್ಲಿ. ಜಾಂಬೂರಿ ಎಂದರೆ ಸ್ಕೌಟರ ಮಹಾಮೇಳ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಸುಮಾರು 20 ಹುಡುಗರೊಂದಿಗೆ ನಡೆಸಿದ ಪ್ರಾಯೋಗಿಕ ಶಿಬಿರದಿಂದ ಬೆಳೆದ ಚಳವಳಿ 1920ರಲ್ಲಿ ಲಂಡನ್ನಿನಲ್ಲಿ ತನ್ನ ಮೊದಲ ವಿಶ್ವ ಜಾಂಬೂರಿಯನ್ನು ಕಂಡಿತು. ಸಾವಿರಾರು ಮಕ್ಕಳು ಸೇರಿದ ಮೂಡುಬಿದಿರೆಯ ಮೇಳದ ಮೆರವಣಿಗೆ, ವೇದಿಕೆಗಳ ವೈಭವವನ್ನು ಪತ್ರಿಕೆಗಳು ಸಾಕಷ್ಟು ವರ್ಣಿಸಿದವು. ಆದರೆ ಸ್ಕೌಟ್ ಶಿಬಿರದ ಸತ್ವವಿರುವುದು ಅದಕ್ಕಿಂತ ಸಣ್ಣ ವಸ್ತುವೊಂದರಲ್ಲಿ. ಮೊಳೆ ಬಳಸದೆ, ಕೋಲು ಮತ್ತು ಹಗ್ಗಗಳಿಂದಲೇ, ಗಂಟು ಹಾಕುವ ವಿದ್ಯೆಯ ಬಲದಿಂದ, ತಟ್ಟೆ ಒಣಗಿಸುವ ಅಟ್ಟಣೆ, ಚಪ್ಪಲಿ ಜೋಡಿಸುವ ಹಲಗೆ, ಕೈ ತೊಳೆಯಲು ನೀರಿನ ಪಾತ್ರೆ ತೂಗುಹಾಕುವ ಮುಕ್ಕಾಲಿಗಳನ್ನು ಮಕ್ಕಳು ಕಟ್ಟುತ್ತಾರೆ. ಸ್ಕೌಟರ ಭಾಷೆಯಲ್ಲಿ ಇವುಗಳ ಹೆಸರೇ ‘ಗ್ಯಾಜೆಟ್’. ಅದೇ ಮಾತು ಇಂದು ಮೊಬೈಲಿಗೂ ಅದರ ಜೊತೆಯ ಸಲಕರಣೆಗಳಿಗೂ ಸಂದಿದೆ. ಕೋಲಿನ ಗ್ಯಾಜೆಟನ್ನು ಕಟ್ಟುವ ಮಗು ನೆಲ ಗಟ್ಟಿಯೋ ಸಡಿಲವೋ, ಇಳಿಜಾರು ಯಾವ ಕಡೆಗೆ, ಗಾಳಿ ಎಲ್ಲಿಂದ ಬೀಸುತ್ತಿದೆ ಎಂಬುದನ್ನು ನೋಡಲೇಬೇಕು. ಕೈಯೊಳಗಿನ ಗ್ಯಾಜೆಟ್ ಇದ್ಯಾವುದನ್ನೂ ಕೇಳುವುದಿಲ್ಲ.

ಆನ್‌ಲೈನ್ ಬದುಕಿನ ತೊಡಕು ಇರುವುದು ಇಲ್ಲಿಯೇ. ಬೆಳ್ತಂಗಡಿ ಕಡೆಯ ಬಂಡಾಜೆ ಜಲಪಾತದ ನೆತ್ತಿಯಿಂದಲೋ, 1794ರಲ್ಲಿ ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿದ ಗಡಾಯಿಕಲ್ಲಿನ ತುದಿಯಿಂದಲೋ ತೆಗೆದ ಅರ್ಧ ನಿಮಿಷದ ರೀಲ್ ನೋಡುವವನ ಕೈಗೆ ತಲುಪುವಾಗ ಅದರ ತಿಂಗಳು ಕಳಚಿಹೋಗಿರುತ್ತದೆ, ಎಷ್ಟೋ ಸಲ ಊರೂ ಕಳಚಿಹೋಗಿರುತ್ತದೆ. ಯಾವ ದೃಶ್ಯವನ್ನು ಯಾರಿಗೆ ತೋರಿಸಬೇಕೆಂದು ತೀರ್ಮಾನಿಸುವ ಲೆಕ್ಕಾಚಾರದ ವಿಧಾನಕ್ಕೆ ಅಲ್ಗಾರಿದಮ್ ಎನ್ನುತ್ತಾರೆ. ಅದು ನೋಡುಗರ ಕಣ್ಣು ಎಷ್ಟು ಹೊತ್ತು ನಿಂತಿತೆಂಬುದನ್ನು ಅಳೆಯುತ್ತದೆಯೇ ಹೊರತು, ಇಂದು ಬಂಡೆಯ ಮೆಟ್ಟಿಲಿನಲ್ಲಿ ಪಾಚಿ ಕಟ್ಟಿದೆಯೇ ಎಂಬುದನ್ನಲ್ಲ. ಜನವರಿಯಲ್ಲಿ ತೆಗೆದ ಚಿತ್ರ ಜುಲೈಯಲ್ಲಿ ಪ್ರಯಾಣಕ್ಕೆ ಪ್ರೇರಣೆಯಾಗುತ್ತದೆ. ಗಡಾಯಿಕಲ್ಲಿನ ಕಡಿದಾದ ಮೆಟ್ಟಿಲುಗಳು ಮಳೆಯಲ್ಲಿ ಜಾರುವುದನ್ನು ಅಲ್ಲಿನ ನಾಡ ಗ್ರಾಮದವರು ಬಲ್ಲರು, ಅರಣ್ಯ ಇಲಾಖೆಯೂ ಮಳೆಗಾಲದಲ್ಲಿ ಅಲ್ಲಿನ ಚಾರಣವನ್ನು ತಡೆಯುತ್ತದೆ. ರೀಲ್ ಮಾತ್ರ ವರ್ಷವಿಡೀ ಕರೆಯುತ್ತಲೇ ಇರುತ್ತದೆ.

ಈ ಕರೆಯ ಪರಿಣಾಮವನ್ನು ಇದೇ ಜಿಲ್ಲೆಯ ಸುಬ್ರಹ್ಮಣ್ಯದ ಬಳಿ ಇಡೀ ರಾಜ್ಯ ನೋಡಿತು. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ತಪಾಸಣಾ ಠಾಣೆಯ ಮುಂದೆ ಚಾರಣಿಗರು ಜಾತ್ರೆಯಂತೆ ಕಿಕ್ಕಿರಿದ ದೃಶ್ಯ ಆನ್‌ಲೈನಿನಲ್ಲಿ ಹರಡಿ, ಅದೇ ಸುದ್ದಿಯಾಗಿ, ಆನ್‌ಲೈನ್ ಟಿಕೆಟ್ ವ್ಯವಸ್ಥೆಯಿಲ್ಲದ ಚಾರಣಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಆ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ಆರಂಭವಾಗಿ, ಒಂದು ಪಥಕ್ಕೆ ದಿನಕ್ಕೆ 300 ಜನ ಎಂಬ ಮಿತಿ ಬಂದಿತು. ಜನರನ್ನು ಗುಡ್ಡಕ್ಕೆ ನೂಕಿದ ಆನ್‌ಲೈನ್ ಮಾಧ್ಯಮವೇ ಅವರನ್ನು ತಡೆದು ಎಣಿಸುವ ಸಾಧನವೂ ಆದುದು ಸ್ವಾಗತಾರ್ಹ ಬೆಳವಣಿಗೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದಂಥ ಸಂರಕ್ಷಿತ ಪ್ರದೇಶವನ್ನು ಅನುಮತಿಯಿಲ್ಲದೆ ಪ್ರವೇಶಿಸುವುದನ್ನೂ ಅಲ್ಲಿ ಬೆಂಕಿ ಹಚ್ಚುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ ಎಂಬುದನ್ನು ರೀಲ್‌ಗಳ ಶಿಬಿರಾಗ್ನಿಯ ಸುತ್ತ ಕುಳಿತವರು ನೆನಪಿನಲ್ಲಿಡುವುದು ಅಗತ್ಯ. ಮಾರ್ಚಿನಲ್ಲಿ ಒಣಗಿ ನಿಂತ, ಶೋಲಾ ಕಾಡಿನ ಅಂಚಿನ ಹುಲ್ಲಿಗೆ ಒಂದು ಕಿಡಿ ಸಾಕು.

ಸುದ್ದಿಯನ್ನು ಬರಿಯ ಮಾಹಿತಿಯಿಂದ ಬೇರ್ಪಡಿಸುವ ಗುರುತು, ರೀಲ್‌ನಿಂದ ಕಳಚಿಹೋಗುವ ಇದೇ ಕಾಲ ಮತ್ತು ಊರು. ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದ ಕನ್ನಡದ ಮೊದಲ ಪತ್ರಿಕೆಯ ಹೆಸರಿನಲ್ಲೇ ಊರಿತ್ತು: ‘ಮಂಗಳೂರ ಸಮಾಚಾರ’. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆ ಊರಿನ ವರ್ತಮಾನವನ್ನೂ ಹೊರನಾಡಿನ ವರ್ತಮಾನವನ್ನೂ ಬೇರೆ ಬೇರೆ ತಲೆಬರಹಗಳಲ್ಲಿ ಕೊಡುತ್ತಿತ್ತು. ಇಂದಿಗೂ ಪತ್ರಿಕೆಯ ವರದಿ ‘ಬೆಳ್ತಂಗಡಿ:’ ಎಂದೋ ‘ಬಂಟ್ವಾಳ:’ ಎಂದೋ ಊರಿನ ಹೆಸರಿನಿಂದ ಆರಂಭವಾಗುತ್ತದೆ, ಪುಟದ ನೆತ್ತಿಯಲ್ಲಿ ದಿನಾಂಕವಿರುತ್ತದೆ. ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿದ್ದ, ಹಳಗನ್ನಡ ಲಿಪಿಯಲ್ಲಿ ಬರೆದ ಪ್ರಾಕೃತ ಸಿದ್ಧಾಂತ ಗ್ರಂಥವಾದ ‘ಧವಲಾ’ದಂಥ ತಾಳೆಗರಿಗಳಲ್ಲಿಯೂ ‘ಪ್ರಶಸ್ತಿ’ ಎಂಬ ಭಾಗವಿರುತ್ತದೆ. ಬರೆಯಿಸಿದವರಾರು, ಯಾರಿಗೆ ಅರ್ಪಿಸಿದರು ಎಂಬುದನ್ನು ಅದು ಹೇಳುತ್ತದೆ. ವಾಟ್ಸ್‌ಆ್ಯಪಿನಲ್ಲಿ ಕೈಯಿಂದ ಕೈಗೆ ಹರಿಯುವ ವಿಡಿಯೊ ತುಣುಕಿಗೆ ಕಾಲ, ಊರು ಎರಡೂ ಇಲ್ಲ.

ಮಳೆಗಾಲದಲ್ಲಿ ಈ ಕೊರತೆ ಜೀವದ ಪ್ರಶ್ನೆಯಾಗುತ್ತದೆ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್, 1974ರ ನೆರೆಯ ನೆನಪು ಇನ್ನೂ ಮಾಸದ ಆ ಪೇಟೆಯಲ್ಲಿ, ಮಳೆ ಬಿರುಸಾದಾಗ ನೀರಿನ ಮಟ್ಟವನ್ನು ಜನರು ಗಂಟೆಗಂಟೆಗೂ ಹಂಚಿಕೊಳ್ಳುತ್ತಾರೆ. ಬೆಳಿಗ್ಗೆ ಏಳರ ಅಂಕಿ ಮಧ್ಯಾಹ್ನ ಮೂರಕ್ಕೆ ಹೊಸದೆಂಬಂತೆ ತಲುಪಿದರೆ ಸಾಮಾನು ಮೇಲೆ ಸಾಗಿಸಬೇಕೋ ಬೇಡವೋ ಎಂಬ ತೀರ್ಮಾನವೇ ತಪ್ಪುತ್ತದೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕನ್ನು ನೆರೆ ನಡುಗಿಸಿ, ಚಾರ್ಮಾಡಿ ಘಾಟಿಯ ಗುಡ್ಡ ಜರಿದು ಸಂಚಾರ ನಿಂತಾಗ ತೆಗೆದಂಥ ದೃಶ್ಯಗಳು ಮತ್ತೊಂದು ವರ್ಷದಲ್ಲಿ ಹರಿದಾಡಿದರೆ ಪ್ರಯಾಣಿಕರು ಕಾರಣವಿಲ್ಲದೆ ಗಾಬರಿಯಾಗುತ್ತಾರೆ, ಮುಂದೆ ನಿಜವಾದ ಎಚ್ಚರಿಕೆ ಬಂದಾಗ ನಂಬದೆ ಹೋಗುತ್ತಾರೆ. ಹೊಳೆಯ ದಡದಲ್ಲಿ ಟೆಂಟು ಹಾಕಿದವರಿಗೆ ಇನ್ನೊಂದು ಅಪಾಯವಿದೆ: ಘಟ್ಟದ ನೆತ್ತಿಯಲ್ಲಿ ಸುರಿದ ಮಳೆ ಕಡಿದಾದ ತೊರೆಗಳಲ್ಲಿ ಇಳಿದು ಬರುವುದರಿಂದ, ತಲೆಯ ಮೇಲಿನ ಆಕಾಶ ತಿಳಿಯಾಗಿದ್ದಾಗಲೂ ನೀರು ಹಠಾತ್ತನೆ ಏರಬಹುದು. ಅದನ್ನು ತಿಳಿಸಬೇಕಾದ ಮೊಬೈಲಿಗೆ ಘಟ್ಟದ ಬುಡದ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ.

ಆದ್ದರಿಂದ ಹೊರಡುವವರು ಟಿಕೆಟ್ ಪಡೆಯುವುದರ ಜೊತೆಗೆ ಆ ಊರಿನ ಅಂಗಡಿಯಲ್ಲೋ ಮನೆಯಲ್ಲೋ ಒಂದು ಮಾತು ಕೇಳಿ ಹೊರಡಬೇಕು, ಪತ್ತನಾಜೆಯಿಂದ ದೀಪಾವಳಿಯವರೆಗೆ ಟೆಂಟನ್ನು ಮನೆಯಲ್ಲೇ ಇಡಬೇಕು. ಹಿಂದಿರುಗಿ ಬಂದು ವಿಡಿಯೊ ಹಂಚಿಕೊಳ್ಳುವವರು ಅದರ ಕೆಳಗೆ ತೆಗೆದ ದಿನಾಂಕವನ್ನೂ ಊರಿನ ಹೆಸರನ್ನೂ ದಯವಿಟ್ಟು ಬರೆಯಲಿ.