ಎಂಜಿನ್ನಿಗೂ ಹರಳೆಣ್ಣೆ ಬೇಕೆ?

ನಮ್ಮ ಹಿರಿಯರ ಮನೆಗಳಲ್ಲಿ ಮಕ್ಕಳಿಗೆ ಆಗಾಗ ಹರಳೆಣ್ಣೆ ಕುಡಿಸುವ ಪದ್ಧತಿಯಿತ್ತು. ಬೀದರ, ಕಲಬುರಗಿಯ ಕಡೆಯವರು ಅದನ್ನು ಔಡಲೆಣ್ಣೆ ಎನ್ನುತ್ತಾರೆ. ರೋಗವಿರಲಿ, ಇಲ್ಲದಿರಲಿ, ಹೊಟ್ಟೆ ಒಮ್ಮೆ ತೊಳೆದುಹೋದರೆ ಒಳ್ಳೆಯದೆಂಬ ನಂಬಿಕೆ. ಆ ಪದ್ಧತಿ ಈಗ ಮನೆಗಳಲ್ಲಿ ಅಪರೂಪವಾಗಿದೆ. ಕಾರುಗಳಿಗೆ ಮಾತ್ರ ಬಂದಿದೆ. ಎಣ್ಣೆ ಬದಲಾಯಿಸಲು ಗಾಡಿ ಬಿಟ್ಟರೆ ಸಾಕು, ‘ಎಂಜಿನ್ ಫ್ಲಶ್’ ಎಂಬ ಸೀಸೆಯೊಂದನ್ನು ಹಿಡಿದು, “ಲೋಪಲ ಅಂತಾ ಕ್ಲೀನ್ ಅಯಿಪೋತುಂದಿ ಸಾರ್” ಎನ್ನುವ ಮೆಕ್ಯಾನಿಕ್ಕುಗಳು ನಮಗೆ ಸಿಗುತ್ತಾರೆ. ಬೆಲೆ ಕೆಲವು ನೂರು ರೂಪಾಯಿ. ಬೇಡವೆಂದರೆ ಕಾರಿಗೆ ಅನ್ಯಾಯ ಮಾಡಿದೆವೇನೋ ಎಂಬ ಅಳುಕು. ಬೇಕೆಂದರೆ ಬಿಲ್ಲಿನ ಭಾರ.

ಕೂಕಟ್‌ಪಲ್ಲಿಯಲ್ಲಿ ನೆಲೆಸಿದ ನಮ್ಮಂಥವರಿಗೆ ಇದು ಚಿಕ್ಕ ಮಾತಲ್ಲ. ಎಷ್ಟೋ ಕುಟುಂಬಗಳ ಕಾರು ವರ್ಷಗಟ್ಟಲೆ ಉಳಿಸಿದ ಹಣದ್ದು, ಅಥವಾ ಇನ್ನೊಬ್ಬರು ಓಡಿಸಿ ಮಾರಿದ್ದು. ದಸರೆ, ದೀಪಾವಳಿಗೆ ಮುಂಬಯಿ ಹೆದ್ದಾರಿ ಹಿಡಿದು ಜಹೀರಾಬಾದಿನಲ್ಲಿ ಬೀದರಿಗೆ ತಿರುಗುವಾಗ, ಅಥವಾ ನೇರವಾಗಿ ಹುಮನಾಬಾದಿಗೆ ಸಾಗುವಾಗ, ಹಿಂದಿನ ಸೀಟಿನಲ್ಲಿ ಮಕ್ಕಳೂ ಮುದುಕರೂ ಇರುತ್ತಾರೆ. ಆದುದರಿಂದ ಈ ಸೀಸೆಯ ಗುಣದೋಷಗಳನ್ನು ಸ್ವಲ್ಪ ವಿವರವಾಗಿ ನೋಡೋಣ.

ಎಂಜಿನ್ ಎಣ್ಣೆಯ ಕೆಲಸ ಬರಿಯ ನುಣುಪು ಕೊಡುವುದಲ್ಲ. ಅದು ಶಾಖವನ್ನು ಹೊತ್ತೊಯ್ಯುತ್ತದೆ, ತುಕ್ಕನ್ನು ತಡೆಯುತ್ತದೆ, ಕೊಳೆಯನ್ನೂ ತೊಳೆಯುತ್ತದೆ. 1930ರ ದಶಕದಲ್ಲಿ ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿಯ ಡೀಸೆಲ್ ಎಂಜಿನ್ನುಗಳಲ್ಲಿ ಪಿಸ್ಟನ್ನಿನ ಉಂಗುರಗಳು ಕಿಟ್ಟ ಕಟ್ಟಿ ಅಂಟಿಕೊಳ್ಳತೊಡಗಿದವು. ಅದಕ್ಕೆ ಪರಿಹಾರವಾಗಿ ಎಣ್ಣೆಯಲ್ಲೇ ಸಾಬೂನಿನಂಥ ರಾಸಾಯನಿಕಗಳನ್ನು ಬೆರೆಸುವ ಕ್ರಮ ಬಂದಿತು. ಇಂದು ನಾವು ಕೊಳ್ಳುವ ಪ್ರತಿಯೊಂದು ಒಳ್ಳೆಯ ಎಣ್ಣೆಯಲ್ಲೂ ಇವು ಇವೆ: ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿದ ಡಿಟರ್ಜೆಂಟುಗಳು ಕಿಟ್ಟ ಹಿಡಿಯದಂತೆ ನೋಡಿಕೊಳ್ಳುತ್ತವೆ, ಹುಳಿಯನ್ನು ಮುರಿಯುತ್ತವೆ, ಡಿಸ್ಪರ್ಸೆಂಟುಗಳು ಮಸಿಯ ಕಣಗಳು ಒಂದಕ್ಕೊಂದು ಅಂಟದಂತೆ ಎಣ್ಣೆಯಲ್ಲಿ ತೇಲಿಸಿ ಹಿಡಿಯುತ್ತವೆ. ಹಳೆಯ ಎಣ್ಣೆಯನ್ನು ಇಳಿಸಿದಾಗ ಈ ಕೊಳೆಯೂ ಅದರೊಡನೆ ಹೊರಟುಹೋಗುತ್ತದೆ. ಹೀಗಾಗಿ ಎಣ್ಣೆ ಕಪ್ಪಾದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಅದು ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಡೀಸೆಲ್ ಕಾರಿನಲ್ಲಂತೂ ಹೊಸ ಎಣ್ಣೆ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ.

ಹಾಗಾದರೆ ಎಂಜಿನ್ನಿನೊಳಗೆ ಮಡ್ಡಿ ಕಟ್ಟುವುದೇಕೆ? ಉತ್ತರ ನಮ್ಮ ಬೀದಿಗಳಲ್ಲೇ ಇದೆ. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರು ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಹೊಗೆಕೊಳವೆಯಿಂದ ಹೊರಹೋದರೂ ಸ್ವಲ್ಪ ಎಣ್ಣೆಗೆ ಇಳಿಯುತ್ತದೆ. ದೂರ ಓಡಿದ ಗಾಡಿಯಲ್ಲಿ ಎಣ್ಣೆ ಚೆನ್ನಾಗಿ ಕಾದು ಈ ನೀರು ಆರಿಹೋಗುತ್ತದೆ. ಮನೆಯಿಂದ ಶಾಲೆಗೆ, ಶಾಲೆಯಿಂದ ಮೆಟ್ರೋ ನಿಲ್ದಾಣಕ್ಕೆಂದು ಎರಡು ಮೂರು ಕಿಲೋಮೀಟರು ಓಡಿ ನಿಲ್ಲುವ ಗಾಡಿಯಲ್ಲಿ ಅದು ಉಳಿದು, ಉರಿಯದ ಪೆಟ್ರೋಲು ಹಾಗೂ ಮಸಿಯೊಡನೆ ಕೂಡಿ ಮಡ್ಡಿಯಾಗುತ್ತದೆ.

ಇನ್ನೊಂದು ಲೆಕ್ಕವನ್ನೂ ವಾಚಕರು ಗಮನಿಸಬೇಕು. ಹೆದ್ದಾರಿಯಲ್ಲಿ ಗಂಟೆಗೆ 50 ಕಿ.ಮೀ. ಸರಾಸರಿಯಲ್ಲಿ ಹೋದರೆ 10,000 ಕಿ.ಮೀ.ಗೆ ಎಂಜಿನ್ನು 200 ಗಂಟೆ ದುಡಿಯುತ್ತದೆ. ಜೆ.ಎನ್.ಟಿ.ಯು. ಜಂಕ್ಷನ್ನಿನಿಂದ ಮೂಸಾಪೇಟೆಯವರೆಗಿನ ದಟ್ಟಣೆಯಲ್ಲಿ ಗಂಟೆಗೆ 15 ಕಿ.ಮೀ.ನಂತೆ ತೆವಳಿದರೆ ಅಷ್ಟೇ ದೂರಕ್ಕೆ 660 ಗಂಟೆಗೂ ಮಿಕ್ಕಿ ದುಡಿಯುತ್ತದೆ. ಮೀಟರು ಕಿಲೋಮೀಟರನ್ನು ಎಣಿಸುತ್ತದೆ. ಎಣ್ಣೆ ಸವೆಯುವುದು ಗಂಟೆಗಳಿಂದ. ಇಂಥ ಓಡಾಟವನ್ನು ಕಾರಿನ ಕೈಪಿಡಿಗಳು ‘ಕಠಿಣ ಬಳಕೆ’ ಎಂದು ಕರೆದು, ಎಣ್ಣೆಯನ್ನು ಬೇಗ ಬದಲಾಯಿಸಲು ಹೇಳುತ್ತವೆ. ಆ ಪುಟವನ್ನು ತೆರೆದು ನೋಡುವವರು ಕಡಿಮೆ.

ಈಗ ಸೀಸೆಯ ಮಾತು. ಫ್ಲಶ್ ಎಂಬುದು ಸಾಮಾನ್ಯವಾಗಿ ಸೀಮೆಎಣ್ಣೆಯ ಜಾತಿಯ ತೆಳುವಾದ ದ್ರಾವಕ, ಜೊತೆಗೆ ಒಂದಿಷ್ಟು ಡಿಟರ್ಜೆಂಟು. ಹಳೆಯ ಎಣ್ಣೆಗೆ ಅದನ್ನು ಸುರಿದು, ಸೀಸೆಯ ಮೇಲೆ ಬರೆದಷ್ಟು ಹೊತ್ತು, ಎಂದರೆ ಹತ್ತು ಹದಿನೈದು ನಿಮಿಷದೊಳಗೆ, ಎಂಜಿನ್ನನ್ನು ನಿಂತಲ್ಲೇ ಓಡಿಸಿ, ಎಣ್ಣೆ ಇಳಿಸಿ, ಫಿಲ್ಟರನ್ನೂ ಬದಲಾಯಿಸುತ್ತಾರೆ. ಆ ಹೊತ್ತಿನಲ್ಲಿ ಎಣ್ಣೆ ತೆಳುವಾಗಿರುವುದರಿಂದ ಎಕ್ಸಲರೇಟರು ಒತ್ತುವುದಾಗಲಿ ಗಾಡಿ ಓಡಿಸುವುದಾಗಲಿ ಸಲ್ಲದು.

ಸಕಾಲದಲ್ಲಿ ಎಣ್ಣೆ ಕಂಡ ಎಂಜಿನ್ನಿಗೆ ಇದರಿಂದ ಆಗುವ ಲಾಭ ಅತ್ಯಲ್ಪ. ತೊಳೆಯಲು ಅಲ್ಲಿ ಏನೂ ಇರುವುದಿಲ್ಲ. ಬಹುಕಾಲ ಅಲಕ್ಷ್ಯಕ್ಕೆ ಗುರಿಯಾದ ಎಂಜಿನ್ನಿಗಾದರೋ ಅಪಾಯವೇ ಉಂಟು. ಗಟ್ಟಿಯಾದ ಮಡ್ಡಿ ಕರಗುವ ಬದಲು ಹಕ್ಕಳೆಯಾಗಿ ಕಳಚಿ, ಎಣ್ಣೆ ಹೀರುವ ಕೊಳವೆಯ ಜರಡಿಗೆ ಅಡ್ಡ ಬೀಳಬಹುದು. ಆಗ ಎಣ್ಣೆಯ ಒತ್ತಡ ಕುಸಿದು ಬೇರಿಂಗುಗಳೂ ಟರ್ಬೋ ಸಹ ಒಣಗಿ ಸವೆಯುತ್ತವೆ. ಕೆಲವು ಎಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟು ಎಣ್ಣೆಯಲ್ಲೇ ಮುಳುಗಿ ಓಡುತ್ತದೆ. ಅದಕ್ಕೆ ದ್ರಾವಕ ಒಗ್ಗುವುದಿಲ್ಲ. ಹೀಗೆ ಬೇಕಿಲ್ಲದವನಿಗೆ ವ್ಯರ್ಥ, ಬೇಕಾದವನಿಗೆ ಅಪಾಯ ಎಂಬುದೇ ಈ ಔಷಧದ ವಿಚಿತ್ರ.

ಹಾಗಾದರೆ ಹಳೆಯ ಕಾರು ಕೊಂಡವರು ಮಾಡಬೇಕಾದ್ದೇನು? ಎಂಜಿನ್ನು ತಣ್ಣಗಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿ. ಲೋಹ ಕಂದು ಬಣ್ಣಕ್ಕೆ ತಿರುಗಿದ್ದರೆ ಚಿಂತೆಯಿಲ್ಲ. ಕಪ್ಪು ಲೇಹ್ಯದಂತೆ ಮೆತ್ತಿದ್ದರೆ ಫ್ಲಶ್ ಬೇಡ. ಕೈಪಿಡಿ ಹೇಳಿದ ದರ್ಜೆಯ ಒಳ್ಳೆಯ ಎಣ್ಣೆ, ಹೊಸ ಫಿಲ್ಟರು ಹಾಕಿಸಿ, ಎರಡು ಮೂರು ಸಾವಿರ ಕಿ.ಮೀ.ಗೇ ಮತ್ತೆ ಬದಲಾಯಿಸಿ. ಹೀಗೆ ಎರಡು ಮೂರು ಸಲ. ಎಣ್ಣೆಯೊಳಗಿನ ಸಾಬೂನೇ ಮಡ್ಡಿಯನ್ನು ಮೆಲ್ಲಮೆಲ್ಲನೆ ಬಿಡಿಸುತ್ತದೆ. ತೀರ ದಪ್ಪಗೆ ಕಟ್ಟಿದ್ದರೆ ತಳದ ತೊಟ್ಟಿಯನ್ನು ಬಿಚ್ಚಿಸಿ ಜರಡಿಯನ್ನು ಕೈಯಿಂದಲೇ ತೊಳೆಸುವುದು ಲೇಸು. ಊರಿಗೆ ಹೊರಡುವ ಮುನ್ನಾದಿನ ಮಾತ್ರ ಇಂಥ ಪ್ರಯೋಗಗಳಿಗೆ ಕೈ ಹಾಕಬೇಡಿ. ದಾರಿಯಲ್ಲಿ ಎಣ್ಣೆಯ ಕೆಂಪು ದೀಪ ಹೊತ್ತಿದರೆ “ಮುಂದಿನ ಬಂಕಿನವರೆಗೆ ಹೋಗಿಬಿಡೋಣ” ಎನ್ನದೆ, ಗಾಡಿಯನ್ನು ಪಕ್ಕಕ್ಕೆ ತಂದು ಎಂಜಿನ್ನನ್ನು ಆರಿಸಿ.

ಗ್ಯಾರೇಜಿನಲ್ಲಿ ಸಂಕೋಚವೂ ಬೇಡ. “ಕೈಪಿಡಿಯಲ್ಲಿ ಇದು ಎಲ್ಲಿದೆ, ತೋರಿಸಿ” ಎಂದು ನಗುನಗುತ್ತ ಕೇಳಿ. ಹೊರಗಿನಿಂದ ಏನನ್ನೂ ಬೆರೆಸಬಾರದೆಂದು ಬರೆದಿರುವ ಕೈಪಿಡಿಗಳೂ ಇವೆ. ಗ್ಯಾರಂಟಿಯ ಅವಧಿಯಲ್ಲಿ ಆ ಮಾತಿಗೆ ಬೆಲೆಯಿದೆ.

ಮನೆಯ ಮುಂದೆಯೇ ಎಣ್ಣೆ ಬದಲಾಯಿಸಿಕೊಳ್ಳುವ ಉತ್ಸಾಹಿಗಳಿಗೆ ಕೊನೆಯದೊಂದು ಮಾತು. ಇಳಿಸಿದ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ಕೂಕಟ್‌ಪಲ್ಲಿಯ ನಾಲಾ ಹರಿಯುವುದು ಹುಸೇನ್ ಸಾಗರದ ಕಡೆಗೆ. 2016ರ ನಿಯಮಗಳಂತೆ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಡಬ್ಬಿಯಲ್ಲಿ ತುಂಬಿ, ಶುದ್ಧೀಕರಣಕ್ಕೆ ಕಳಿಸುವ ಸರ್ವೀಸ್ ಸೆಂಟರಿಗೆ ಒಪ್ಪಿಸಿ. ಫ್ಲಶ್ಶಿಗೆ ಕೊಡಬೇಕೆಂದಿದ್ದ ಹಣ ಉಳಿಯಿತಲ್ಲ, ಅದನ್ನು ಮುಂದಿನ ಸಲದ ಎಣ್ಣೆಗೆ ಎತ್ತಿಡಿ. ಅದೂ ಒಂದೆರಡು ತಿಂಗಳು ಮೊದಲೇ ಹಾಕಿಸುವಂತಾಗಲಿ.