ಕೊಟ್ಟಿಗೆಯ ಪಶ್ಚಿಮಕ್ಕೊಂದು ಮರ



ಬೇಸಿಗೆಯ ಮಧ್ಯಾಹ್ನ ನಿಮ್ಮ ಕೊಟ್ಟಿಗೆಗೆ ಬಂದಾಗ, ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಎಂದು ಮೊದಲು ನೋಡುತ್ತೇನೆ. ಫ್ಯಾನು ತಿರುಗುತ್ತಿರುತ್ತದೆ, ಮೀಟರೂ ಓಡುತ್ತಿರುತ್ತದೆ. ಎಚ್.ಎಫ್. ಹಸು ಮಾತ್ರ ಬಾಯಿ ತೆರೆದು ಏದುಸಿರು ಬಿಡುತ್ತಾ, ಮೇವು ಮುಟ್ಟದೆ ನಿಂತಿರುತ್ತದೆ. ಸಂಜೆ ಡೇರಿಗೆ ಹಾಕುವ ಹಾಲು ಕಡಿಮೆಯಾಗದೆ ಇರುತ್ತದೆಯೇ? ಕಾದ ಶೀಟಿನ ಕೆಳಗೆ ಫ್ಯಾನು ಬೀಸುವುದು ಬಿಸಿಗಾಳಿಯನ್ನೇ.

ಅಮೆರಿಕದ ಸ್ಯಾಕ್ರಮೆಂಟೊ ನಗರದ್ದೂ ಸುಡುವ ಬೇಸಿಗೆ. ಅಲ್ಲಿನ ವಿದ್ಯುತ್ ಸಂಸ್ಥೆ ಜನರದ್ದೇ; ನಮ್ಮ ಸಂಘದ ನಿರ್ದೇಶಕರನ್ನು ನೀವು ಆರಿಸುವ ಹಾಗೆ ಅದರ ನಿರ್ದೇಶಕರನ್ನು ಮತದಾರರು ಆರಿಸುತ್ತಾರೆ. 1989ರಲ್ಲಿ ಜನ ಮತ ಹಾಕಿ ತಮ್ಮ ಅಣು ವಿದ್ಯುತ್ ಸ್ಥಾವರವನ್ನೇ ಮುಚ್ಚಿಸಿದರು. ಮರುವರ್ಷದಿಂದ ಸಂಸ್ಥೆ ಮನೆಗಳಿಗೆ ನೆರಳಿನ ಸಸಿಗಳನ್ನು ಉಚಿತವಾಗಿ ಕೊಡತೊಡಗಿತು. ಈವರೆಗೆ ಕೊಟ್ಟಿದ್ದು 5 ಲಕ್ಷಕ್ಕೂ ಹೆಚ್ಚು. ಕರೆಂಟು ಮಾರುವವರೇ ಕರೆಂಟು ಉಳಿಸಲು ಸಸಿ ಹಂಚುವುದು ವಿಚಿತ್ರ ಅನಿಸಬಹುದು. ಬಿಲ್ಲು ಕಟ್ಟುವವರೇ ಮಾಲೀಕರಾದರೆ ಉಳಿದದ್ದೂ ಅವರಿಗೇ ಅಲ್ಲವೇ!

ಸಸಿ ಎಲ್ಲಿ ನೆಡಬೇಕೆಂದೂ ಅವರೇ ಹೇಳಿಕೊಡುತ್ತಾರೆ. ಅದೇ ಮುಖ್ಯ. ಅಲ್ಲಿನ 460 ಮನೆಗಳ 2007ರ ಬೇಸಿಗೆಯ ಬಳಕೆಯನ್ನು ಸಂಶೋಧಕರು ಲೆಕ್ಕ ಹಾಕಿದರು. ಪಶ್ಚಿಮ ಮತ್ತು ದಕ್ಷಿಣದ ಮರಗಳಿಂದ ಮನೆಗೆ ಸರಾಸರಿ 185 ಯೂನಿಟ್, ಅಂದರೆ ಶೇ. 5ರಷ್ಟು ಉಳಿದಿತ್ತು. ಉತ್ತರಕ್ಕೆ ಮರವಿದ್ದ ಕಡೆ ಬಳಕೆ ಸ್ವಲ್ಪ ಹೆಚ್ಚೇ ಆಗಿತ್ತು.

ನಮ್ಮಲ್ಲಿ ಬೇಸಿಗೆಯ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೆಯೇ ಇರುತ್ತಾನೆ. ಹಸುವನ್ನು ಬೇಯಿಸುವುದು ಆಮೇಲೆ ಓರೆಯಾಗಿ ನುಗ್ಗುವ ಪಡುವಣ ಬಿಸಿಲು. ಆದ್ದರಿಂದ ಒಂದೇ ಸಸಿ ನೆಡುವುದಾದರೆ ಕೊಟ್ಟಿಗೆಯ ಪಶ್ಚಿಮಕ್ಕೆ ನೆಡಿ. ಹೊಂಗೆ, ಬೇವು ಸಾಕು. ಬೇಗ ಬೆಳೆಯಬೇಕೆಂದರೆ ಅಗಸೆ. ಅದರ ಸೊಪ್ಪು ಹಸುವಿಗೂ ಆಯಿತು. ರೆಂಬೆ ಸವರಿ ಮೇಲಕ್ಕೆ ಬೆಳೆಸಿ, ಹಸು ನಿಲ್ಲುವ ಎತ್ತರದಲ್ಲಿ ಗಾಳಿ ಆಡಬೇಕು. ಮರ ಬೆಳೆಯುವವರೆಗೆ ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ. ಮರ ಬಂತೆಂದು ಫ್ಯಾನು ಕಿತ್ತುಹಾಕಬೇಡಿ. ಅದೇ ಫ್ಯಾನು ಆಗ ತಂಪು ಗಾಳಿ ಬೀಸುತ್ತದೆ.

ನಿಮ್ಮ ಸಂಘದಲ್ಲಿ ಬಿ.ಎಂ.ಸಿ. ಇದೆಯೇ? ಹಾಲನ್ನು 4 ಡಿಗ್ರಿಗೆ ಇಳಿಸುವ ಆ ಯಂತ್ರದ ಕರೆಂಟು ಬಿಲ್ಲು ಸಂಘದ ಖರ್ಚು, ಎಂದರೆ ನಿಮ್ಮದೇ ಹಣ. ಬಿಸಿಗಾಳಿ ಹೊರಹಾಕುವ ಅದರ ಭಾಗ ಪಡುವಣ ಬಿಸಿಲಿಗೆ ಒಡ್ಡಿದೆಯೇ, ಅದಕ್ಕೆ ಧೂಳು ಮೆತ್ತಿದೆಯೇ ನೋಡಿ. ಮಹಾಸಭೆಯಲ್ಲಿ ಬಿಲ್ಲಿನ ಲೆಕ್ಕ ಕೇಳಿ. ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಸಸಿಯನ್ನು ಮುಂಗಾರು ಹಿಡಿದ ಮೇಲೆ ನೆಡಿ. ಮೊದಲ ಎರಡು ವರ್ಷ ಮುಳ್ಳಿನ ಬೇಲಿ ತಪ್ಪಿಸಬೇಡಿ. ಇಲ್ಲವಾದರೆ ನೆರಳು ಬರುವ ಮೊದಲೇ ಪಕ್ಕದ ಮನೆಯ ಮೇಕೆ ಸಸಿಯನ್ನು ಮುಗಿಸಿರುತ್ತದೆ.

– ಪಶುವೈದ್ಯಾಧಿಕಾರಿ